ಕಡೀ ಹದಿನಾರು ಪುಟ

ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹಿಂದ ನನ್ನ ಅಂಗಡಿ.
ತಾಂಬೋಳಿ ಮಾಸ್ತರು ಕನ್ನಡ ವಾಚನಾಲಯದಿಂದ
ಗೋಣಿಚೀಲದಾಗ ತಂದ ಹಾಕ್ಯಾರ ನಲವತ್ತು ಕಾದಂಬರಿ.
ಬೆನ್ನ ಮುರದಾವು, ಮೂಲಿ ಮಡಚ್ಯಾವು,
ಒಂದರಾಗ ಯಾರೋ ಅರಿಶಿಣದ ಬೆರಳ ಒತ್ಯಾರ.
ನಾ ರಟ್ಟ ಕಟ್ಟಾಕಿ. ಓದಾಕಿ ಅಲ್ಲ.
ಆದರೂ ಮೈದಾದ ಅಂಟು ಕುದಿಯೂತನಕ,
ಮೈಲುತುತ್ತದ ನೀಲಿ ಅದರಾಗ ಕರಗೂತನಕ
ಕೈಗೆ ಸಿಕ್ಕದ್ದು ಓದತೀನಿ.

ಎಲ್ಲಾಕ್ಕಿಂತ ಹೆಚ್ಚು ಸವದದ್ದು ಇದು:
ಗುಡ್ಡದ ಮ್ಯಾಲ ಬಂಗಲೆ. ಕರೀ ಕುದರಿ.
ಕೆಟ್ಟ ಗಂಡಸು, ಛಲೋ ಕಣ್ಣು.
ಹುಡಗೀನ ತಂದು ಕೂಡಿ ಹಾಕತಾನ.
ಇನ್ನೂರಾ ನಾಕನೇ ಪುಟದಾಗ ಆಕಿ ಅವನ್ನ ಕಚ್ಚತಾಳ,
ಇನ್ನೂರಾ ಎಪ್ಪತ್ತರಾಗ ಅವನ ಗಾಯಕ್ಕ ಪಟ್ಟಿ ಕಟ್ಟತಾಳ,
ಮುನ್ನೂರರಾಗ ಅಂವ ಅಳತಾನ.
ಅಲ್ಲೇ ಅಂಚಿಗೆ ಯಾರೋ ಪೆನ್ಸಿಲ್ಲಿನಾಗ ಬರದಾರ: ‘ಪಾಪ’.

ನನ್ನ ಸೂಜಿ ನಿಂತಹೋತು.
ನಮ್ಮ ಮಾತಿನಾಗ ಮಾಡಿದ್ದಕ್ಕೂ ಪಾಪ,
ಮರಗೂದಕ್ಕೂ ಪಾಪ.
ಯಾವದನ್ನ ಬರದಿ, ತಂಗಿ?

ಸೊಲ್ಲಾಪುರದಾಗ ಟಾವೆಲ್ ನೇಯೋ ಶೆಡ್ಡಿನ ಹಿಂದ
ಒಂದು ಖೋಲಿ. ಚಿಲಕ ಹೊರಗಿತ್ತು.
ಹಗಲೂ ರಾತ್ರಿ ಮಗ್ಗದ ಖಟಾಖಟಿ,
ಒಂಬತ್ತು ದಿನ ಒದರಿದ್ದು ಯಾರಿಗೂ ಕೇಳಲಿಲ್ಲ.
ಮಿಲಿಂದ ಸಂಜೀಕೆ ಡಬ್ಬಿ ತರತಿದ್ದ,
ಕಟಕ ರೊಟ್ಟಿ, ಶೇಂಗಾ ಹಿಂಡಿ.
‘ನೀ ಹೋದರ ನಾ ಸಾಯತೀನಿ, ಚಂದಾ’ ಅನ್ನತಿದ್ದ,
ಹೋಗೂ ಮುಂದ ಚಿಲಕ ಎರಡು ಸಲ ಜಗ್ಗಿ ನೋಡತಿದ್ದ.
ಇದಕ್ಕೂ ಮೊದಲ ಅವನ್ನ ನಾ ಪ್ರೀತಿಸಿದ್ದೆ.
ಅದನ್ನೂ ಹೇಳಬೇಕಲ್ಲ. ಹೇಳಿದೆ.

ಹತ್ತನೇ ದಿನ ಕರೆಂಟ್ ಹೋತು.
ಮಗ್ಗ ನಿಂತವು.
ನನ್ನ ದನಿ ಹೊರಗ ಬಿತ್ತು.

ಏಳು ವರ್ಷದ ಮ್ಯಾಲ, ಮೊನ್ನೆ ಬುದ್ಧ ಹುಣ್ಣಿವಿ.
ವಿಹಾರದ ಅಂಗಳದಾಗ ಬಿಳಿ ಅಂಗಿ, ಬೋಳು ತಲಿ,
ಬಂದವರ ಚಪ್ಪಲಿ ಸಾಲಾಗಿ ಜೋಡಸಾಕತ್ತಿದ್ದ ಒಬ್ಬ.
ನನ್ನವು ಕೈಯಾಗ ಹಿಡದಾಗ ಅವಗ ಗುರುತು ಹತ್ತಿತು.
ಎಡಗಾಲಿಂದು ಹೊರಮಗ್ಗಲ ಸವದಿರತದ, ಮೊದಲಿಂದಲೂ.
ಅಂವ ಮಾರಿ ಎತ್ತಲಿಲ್ಲ.

ಜೇಲಿಗೆ ಭಂತೇಜಿ ಒಬ್ಬರು ಬರತಿದ್ದರಂತ,
ಉಸರ ನೋಡೂದು ಕಲಿಸಿದರಂತ.
‘ಸುಧಾರಿಸ್ಯಾನ’ ಅಂದಳು ನಮ್ಮವ್ವ,
‘ಬುದ್ಧನ ಮುಂದ ಕೂಡಾಕಿ ನೀ, ಮನಸ ದೊಡ್ಡದ ಮಾಡು.’
ದೊಡ್ಡದಂದ್ರ ಎಷ್ಟು, ಯವ್ವಾ?
ಎಷ್ಟು ಖೋಲಿ ಇರಬೇಕು ಅದರಾಗ?

ಮೇಣಬತ್ತಿ ಹಚ್ಚಿ ಕೂತೆ.
ಎಲ್ಲಾ ಜೀವ ಸುಖವಾಗಿರಲಿ ಅನ್ನೂ ಮಾತು ಬಂತು.
‘ಎಲ್ಲಾ’ ಗಂಟಲಾಗ ನಿಂತಿತು, ಒಣ ರೊಟ್ಟಿ ತುಣುಕಿನಂಗ.
ನುಂಗಿದೆ. ಅಂವ ಅದರಾಗ ಇದ್ದ.
ಅಂವ ಸುಖವಾಗಿರಲಿ.
ರಾತ್ರಿ ಅವಗ ನಿದ್ದಿ ಬರಲಿ.
ಅಂವ ಮಲಗೂ ಖೋಲಿಗೆ ಹೊರಗ ಚಿಲಕ ಇರದಿರಲಿ.
ಅಂವ ನನ್ನ ಓಣಿಗೆ ಬರದಿರಲಿ.
ಇಷ್ಟೂ ಒಂದೇ ಉಸರಿನಾಗ ಅಂದೆ. ಒಂದೂ ಸುಳ್ಳಲ್ಲ.

ಖೀರು ಬಡಸಾಕಿ ನಾನೇ. ಸಾಲಿನಾಗ ಅಂವ ಬಂದ.
ಸೌಟು ತುಂಬ ಹಾಕಿದೆ, ಉಳದವರಿಗೆ ಹಾಕಿದಷ್ಟೇ.
‘ಚಂದಾ’ ಅಂದ.
‘ಚಂದ್ರಭಾಗಾ’ ಅಂದೆ,
ಅವನ ಹಿಂದಿನ ಮುದುಕಗ ತಾಟು ಮುಂದ ತಾ ಅಂದೆ.

ಮನೀಗೆ ಬಂದು ಚಿಲಕ ಹಾಕಿದೆ. ಒಳಗಿಂದ.
ಎಷ್ಟ ಸಣ್ಣ ಸಪ್ಪಳ ನೋಡ್ರಿ ಅದು.
ತಗದು, ಮತ್ತೊಮ್ಮೆ ಹಾಕಿದೆ, ಕೇಳಾಕಂತ.

ಈ ಪುಸ್ತಕಕ್ಕ ಕಡೀ ಹದಿನಾರು ಪುಟ ಇಲ್ಲ.
ಒಂದು ಪೂರಾ ಫಾರ್ಮು ಕಿತ್ತ ಹೋಗ್ಯದ.
ಮಾಸ್ತರು ನಕ್ಕರು, ‘ಲಗ್ನ ಆಗತಾರ, ಎಲ್ಲಾರಿಗೂ ಗೊತ್ತು.
ಬರೇ ರಟ್ಟ ಹಾಕಿ ಕೊಡವಾ.’
ನಾ ಹದಿನಾರು ಪುಟದ ಖಾಲಿ ಹಾಳಿ ಮಡಚಿ ಹೊಲದೆ.
ಏನೂ ಬರೀಲಿಲ್ಲ.
ಆ ‘ಪಾಪ’ಕ್ಕ ರಬ್ಬರ ಹಚ್ಚಲಿಲ್ಲ.

ಅಂಟು ಆರಬೇಕು ಈಗ.
ಮ್ಯಾಲ ಕಲ್ಲ ಇಟ್ಟೀನಿ.
ಮುಂಜಾನಿ ತೆಗೀತೀನಿ.