ಹೆಣದ ಪಾತ್ರಕ್ಕೆ ಎರಡು ಪದ

ಡಂಡೀಯಲ್ಲಿ ಡಿಸೆಂಬರು ಅಂದರೆ ನಾಲ್ಕಕ್ಕೇ ಕತ್ತಲು.
ಟೇ ನದಿ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರು,
ಆಫೀಸಿನ ಕಿಟಕಿಗೂ ಗೊತ್ತಾಗುವುದಿಲ್ಲ.
ಮಂಗಳವಾರ ಈಶ್ಬೆಲ್ ರಾಟ್ರೇ ಕಳಿಸುತ್ತಾಳೆ ಆರುನೂರು ಪದ.
ನನ್ನಲ್ಲಿರುವುದು ಮುನ್ನೂರೈವತ್ತರ ಜಾಗ,
ಪಕ್ಕಕ್ಕೆ ಅರ್ಧ ಬೆಲೆಯ ಕಾರ್ಪೆಟ್ಟಿನ ಜಾಹೀರಾತು.

ಹೊಸ ಧಾರಾವಾಹಿ. ಆರು ಕಂತು.
ಬಂದರಿನಲ್ಲೊಂದು ಹೆಣ, ಮಾತೇ ಆಡದ ಇನ್‌ಸ್ಪೆಕ್ಟರಮ್ಮ,
ಆಕೆಗೊಂದು ಹಳೇ ಗಾಯ, ಮಳೆ, ಮತ್ತೆ ಮಳೆ.
ಲಂಡನ್ನಿನ ಒಂದು ಪತ್ರಿಕೆ 'ದಶಕದ ಮೇರುಕೃತಿ' ಅಂದಿತು.
ಇನ್ನೊಂದು, 'ಆರಿದ ಗಂಜಿ; ಬಟ್ಟಲು ಮಾತ್ರ ಬೆಳ್ಳಿಯದು.'
ಎಡಿನ್‌ಬರೋದ ಮಹಾಶಯ ಎರಡನ್ನೂ ಓದಿ
ಅಡ್ಡಗೋಡೆಯ ಮೇಲೆ ಮೂರು ನಕ್ಷತ್ರ ಇಟ್ಟು
ಕೈ ತೊಳೆದುಕೊಂಡ.
'ಮೂರು ಕೊಡುವವನು ನಿದ್ದೆ ಹೋಗಿರುತ್ತಾನೆ,'
ಅನ್ನುವವಳು ನಮ್ಮ ಈಶ್ಬೆಲ್.
ಕೊಟ್ಟಳು ಎರಡು.

ಇಪ್ಪತ್ತಾರು ವರ್ಷದಿಂದ ಅವಳು ಊರಿಗಿಂತ ಮುಂಚೆ ನೋಡುತ್ತಾಳೆ.
ಊರು ಸೋಫಾದಲ್ಲಿ ಕಾಲು ಚಾಚುವ ಹೊತ್ತಿಗೆ
ಕೊಂದವರು ಯಾರೆಂದು ಅವಳಿಗೆ ಗೊತ್ತು.
ಹೇಳುವಂತಿಲ್ಲ.
ಬಸ್ಸಿನಲ್ಲಿ ಹಿಂದಿನ ಸೀಟು
'ಆ ಪಾದ್ರಿಯೇ ಇರಬೇಕು ಕಣೇ' ಎಂದು ಪಿಸುಗುಟ್ಟಿದರೆ
ಗುಟ್ಟನ್ನು ಹೊಟ್ಟೆಗೆ ಹಾಕಿಕೊಂಡು ಹೊರಗೆ ನೋಡುತ್ತಾಳೆ.
ಯಾರ ಜೊತೆಗೂ ಕೂತು ಒಟ್ಟಿಗೆ ಬೆಚ್ಚಿಬಿದ್ದವಳಲ್ಲ.

ಅವಳು ಬರೆದದ್ದು ಹೀಗಿತ್ತು:
'ಮೊದಲ ದೃಶ್ಯದಲ್ಲಿ ಬಲೆಯಡಿ ಮಲಗಿದ ಮುದುಕನನ್ನು ನೋಡಿ.
ಯಾರೋ ಬಂದರೆಂದು ಬಾಗಿಲು ತೆಗೆಯಲು ಎದ್ದವನು
ಹೊಸಿಲು ಮುಟ್ಟದೆ ಬಿದ್ದ ಸಂಕೋಚವಿದೆ ಆ ಮುಖದಲ್ಲಿ,
ಬಂದವರನ್ನು ಕಾಯಿಸಿದೆನಲ್ಲ ಅನ್ನುವಂತೆ.
ಉಳಿದವರೆಲ್ಲ ನಟಿಸುತ್ತಾರೆ.'

ಹೆಚ್ಚಾಗಿತ್ತು. ಕಾರ್ಪೆಟ್ಟಿನವನು ದುಡ್ಡು ಕೊಟ್ಟಾಗಿತ್ತು.
ಕತ್ತರಿಸಿದೆ. ಅಚ್ಚಾದದ್ದು:
'ಹೆಣವೇ ವಾಸಿ.'

ಗುರುವಾರ ಬಂದ, ಟೋಪಿ ಕೈಯಲ್ಲಿ ಹಿಡಿದು, ಡೂಗಲ್ ಪಿರೀ.
ಮೂವತ್ತು ವರ್ಷ ಇಪ್ಪತ್ತೆರಡನೇ ನಂಬರಿನ ಬಸ್ಸು ಓಡಿಸಿದವನು.
'ನಾನೇ ಸ್ವಾಮಿ, ಆ ಹೆಣ' ಅಂದ.
ಜಗಳಕ್ಕೆ ಬಂದನೆಂದು ಕುರ್ಚಿ ಹಿಂದಕ್ಕೆ ಸರಿಸಿದೆ.
ಅವನಿಗೆ ಬೇಕಿದ್ದದ್ದು ಇನ್ನೈದು ಪ್ರತಿ:
ಪರ್ತಿನ ತಂಗಿಗೆ, ಹಳೇ ಡಿಪೋಗೆ, ಮೀನಂಗಡಿಯ ಗೋಡೆಗೆ.
'ಈಗ ಚಿಪ್ಸನ್ನು ಪೇಪರಿನಲ್ಲಿ ಕಟ್ಟುವಂತಿಲ್ಲವಲ್ಲ,
ನನ್ನ ಹೆಸರಿಗೆ ಎಣ್ಣೆ ತಾಗುವುದಿಲ್ಲ' ಎಂದು ನಕ್ಕ.
ಅವನ ಹೆಸರು ಅದರಲ್ಲಿ ಇರಲೇ ಇಲ್ಲ.

'ನಾಲ್ಕು ತಾಸು ಕಲ್ಲಿನ ಮೇಲೆ.
ಉಸಿರು ಹೊಗೆಯಾಗಿ ಕಾಣಬಾರದೆಂದು
ಬಾಯಲ್ಲಿ ಐಸು ಇಟ್ಟುಕೊಂಡಿದ್ದೆ.'
ತಡೆದು ಕೇಳಿದ:
'ಎರಡು ನಕ್ಷತ್ರ ಇದೆಯಲ್ಲ, ಅದರಲ್ಲಿ ನನ್ನದೆಷ್ಟು?'

ಡ್ರಾಯರಿನಿಂದ ಮೂಲದ ಹಾಳೆ ತೆಗೆದೆ.
ಕನ್ನಡಕ ಮರೆತು ಬಂದಿದ್ದ. ನಾನೇ ಓದಿದೆ, ಗಟ್ಟಿಯಾಗಿ.
ಕತ್ತರಿಸಿದ್ದನ್ನು ಓದಿ ಹೇಳಿದ್ದು ಅದೇ ಮೊದಲು;
ಪಕ್ಕದ ಮೇಜಿನ ಫುಟ್‌ಬಾಲ್ ವರದಿಗಾರ ಟೈಪಿಸುವುದು ನಿಲ್ಲಿಸಿದ.
ಡೂಗಲ್ ಕಣ್ಣು ಮುಚ್ಚಿ ಕೇಳಿದ, ಬಲೆಯಡಿಯ ಅದೇ ಮುಖ.

'ಬಾಗಿಲು,' ಅಂದ. 'ಅದು ಹೇಗೆ ಗೊತ್ತಾಯಿತು ಆಕೆಗೆ?
ನನ್ನ ನೆಟ್ಟಾ ಬಾಗಿಲ ಹತ್ತಿರವೇ ಬಿದ್ದಿದ್ದಳು.
ರಾತ್ರಿ ಪಾಳಿ ಮುಗಿಸಿ ಬಂದು ಬೆಲ್ಲು ಒತ್ತಿದವನು ನಾನು.
ಬೇರೆ ಹೆಣ ನಾನು ನೋಡಿಲ್ಲ.
ಅವಳ ಹಾಗೇ ಮಲಗಿದೆ, ಅಷ್ಟೆ.'

ಹಾಳೆಯನ್ನು ಮಡಿಸಿ ಟೋಪಿಯೊಳಗಿಟ್ಟುಕೊಂಡ.
ಐದು ಪ್ರತಿಗೆ ಚಿಲ್ಲರೆ ಎಣಿಸಿ ಕೊಟ್ಟ,
ಬೇಡವೆಂದರೂ ಕೇಳಲಿಲ್ಲ.

ಈಶ್ಬೆಲ್‌ಗೆ ಫೋನು ಮಾಡಿ ಹೇಳಿದೆ.
ತುಂಬ ಹೊತ್ತು ಬರೀ ಅವಳ ಟಿವಿಯ ಸದ್ದು.
ಆಮೇಲೆ: 'ಎರಡೇ. ಕಥೆ ಕೆಟ್ಟದ್ದೇ.'

ಮುಂದಿನ ಮಂಗಳವಾರ ಕುದುರೆ ಸಾಕುವ ಕುಟುಂಬದ್ದು, ಎಂಟು ಕಂತು.
ಕಾರ್ಪೆಟ್ಟಿನವನು ಈ ಸಲ
ಕಾಲು ಪುಟ ಕೇಳಿದ್ದಾನೆ.