ಒಂದು ಕೂಗಳತೆ

ಹೊಸನಗರದ ಕೋರ್ಟಿನಲ್ಲಿ ಆಗ ನಾನು ಬೆರಳಚ್ಚುಗಾರ್ತಿ.
ಸಾಕ್ಷಿಕಟ್ಟೆಗೂ ಸಾಹೇಬರ ಮೇಜಿಗೂ ನಡುವೆ
ಒಂದು ಮೋಟು ಸ್ಟೂಲು, ಒಂದು ಹಳೆಯ ರೆಮಿಂಗ್ಟನ್.
ಜನ ಹೇಳುತ್ತಿದ್ದರು, ಸಾಹೇಬರು ಹೇಳಿ ಬರೆಸುತ್ತಿದ್ದರು.
ನಾನು ಹೊಡೆಯುತ್ತಿದ್ದುದು ಎರಡನೆಯದನ್ನು.

ಬೂದ್ಯಪ್ಪನ ತಲೆ ಒಡೆದದ್ದು
ಕಾಲುಸಂಕದ ಈಚೆಗೆ, ಹೊತ್ತು ಮುಳುಗಿದ ಮೇಲೆ.
ಆರೋಪಿ ಕೊಲ್ಲಪ್ಪ.
ಕಣ್ಣಾರೆ ಕಂಡವಳು ಚೌಡಮ್ಮ ಒಬ್ಬಳೇ.
ಮಹಜರಿಗೆ ಸಹಿ ಹಾಕಿದವನು ಚಾದಂಗಡಿಯ ಅಬ್ಬಾಸ್.
ಆ ವರ್ಷದ ಹನ್ನೊಂದು ಮಹಜರಿನಲ್ಲೂ ಅವನೇ ಪಂಚ;
ಠಾಣೆಯ ಎದುರಿಗೇ ಒಲೆ ಹೂಡಿದ್ದು ಅವನ ತಪ್ಪು.

"ನೀನು ನಿಂತಲ್ಲಿಂದ ಸಂಕ ಎಷ್ಟು ದೂರ?"
ಕರಿಕೋಟಿನ ತೋಳು ಎಳೆದುಕೊಂಡು ವಕೀಲ ಉಮಾಪತಿ.
"ಒಂದು ಕೂಗಳತೆ."
"ಮೀಟರಿನಲ್ಲಿ ಹೇಳಮ್ಮ."
"ಮೀಟ್ರು ಬಟ್ಟೆ ಅಂಗ್ಡೀಲಿ ಇರ್ತದೆ ಸ್ವಾಮಿ.
ಅಲ್ಲಿರದು ಬರೀ ದರೆ, ಹಳ್ಳ."
ಹಿಂದಿನ ಬೆಂಚು ನಕ್ಕಿತು. ಜವಾನ ಕೆಮ್ಮಿದ.

ಸಾಹೇಬರು ನಗಲಿಲ್ಲ, ಗದರಲೂ ಇಲ್ಲ. ಒಳ್ಳೆಯವರು.
ಸಿಂಧನೂರಿನ ಕಡೆಯವರು, ಬಂದು ನಾಲ್ಕು ತಿಂಗಳು.
ಅವರೂರಿನ ಎರೆಹೊಲದಲ್ಲಿ
ಈ ಬದುವಿನಿಂದ ಕೂಗಿದರೆ
ಆ ತುದಿಯ ಎತ್ತು ಕಿವಿ ನಿಮಿರಿಸುತ್ತದಂತೆ.
ಕಣ್ಣು ಮುಚ್ಚಿ ಅಳೆದರು, ಪ್ರಾಮಾಣಿಕವಾಗಿಯೇ ಅಳೆದರು.
"ಬರ್ಕೋರಿ: ಸುಮಾರು ಅರ್ಧ ಕಿಲೋಮೀಟರ್."

ನನ್ನ ಬೆರಳು ನಿಂತಿತು.

ನಮ್ಮಲ್ಲಿ ಕೂಗು ಅಷ್ಟು ದೂರ ನಡೆಯುವುದಿಲ್ಲ.
ಮೊದಲ ತಿರುವಿನಲ್ಲೇ ಗುಡ್ಡ ನುಂಗುತ್ತದೆ,
ಉಳಿದದ್ದನ್ನು ಹಳ್ಳ ಕುಡಿಯುತ್ತದೆ.
ಕೊಟ್ಟಿಗೆಯಿಂದ ಅಡಿಗೆಮನೆಗೆ ಕೇಳಿದರೆ ಪುಣ್ಯ.
ಹೇಳಬಹುದಿತ್ತು.
ಹೇಳುವುದು ಬೆರಳಚ್ಚುಗಾರ್ತಿಯ ಕೆಲಸವಲ್ಲ.
ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.
ಹೊಡೆದೆ. ಸಾಲು ಮುಗಿದು ಗಂಟೆ ಟಿಣ್ ಎಂದಿತು.

ಕೊನೆಗೆ ಎಂದಿನ ವಾಕ್ಯ:
'ಓದಿ ಹೇಳಲಾಯಿತು, ಕೇಳಿ ಸರಿಯಿದೆ ಎಂದು ಒಪ್ಪಿದ್ದಾರೆ.'
ಓದಿದವಳು ನಾನೇ. ಬಿರುಸಾಗಿ ಓದಿದೆ.
ಅವಳು ಹೆಬ್ಬೆಟ್ಟು ಒತ್ತಿ,
ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು
ಕಟ್ಟೆ ಇಳಿದಳು.

ತೀರ್ಪು ಹತ್ತು ಪುಟ. ಅದೂ ನನ್ನ ಬೆರಳಿನದೇ.
ಅರ್ಧ ಕಿಲೋಮೀಟರ್, ಮಬ್ಬುಗತ್ತಲು, ಸೂಡಿಯ ಬೆಳಕು,
ಮುಖ ಗುರುತಿಸಿದೆನೆಂಬ ಮಾತು ನಂಬಲರ್ಹವಲ್ಲ.
ಸಂಶಯದ ಲಾಭ ಆರೋಪಿಗೆ.
ತಪ್ಪೆಂದು ಹೇಗೆನ್ನಲಿ? ಕಡತದಲ್ಲಿಲ್ಲದ್ದನ್ನು
ತಕ್ಕಡಿಗೆ ಹಾಕುವಂತಿಲ್ಲ.
ಕೊಲ್ಲಪ್ಪ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು
ಕಟ್ಟಡಕ್ಕೇ ಕೈಮುಗಿದ.
ಹೊಡೆದವನು ಹಾಗೆ ಮುಗಿಯುತ್ತಾನೋ, ಹೊಡೆಯದವನೋ,
ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಭಾನುವಾರ ನಿಟ್ಟೂರಿನ ಬಸ್ಸು ಹತ್ತಿ
ಆ ಸಂಕಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ.
ಅವಳು ನಿಂತಿದ್ದ ನಂದಿಮರದ ಬುಡದಲ್ಲಿ ನಿಂತು
ಕೂಗಿ ನೋಡೋಣವೆಂದು ಬಾಯಿ ತೆರೆದೆ.
ಏನೆಂದು ಕೂಗಬೇಕು? ಯಾರನ್ನು?
ನಲವತ್ತಮೂರು ವರ್ಷ ನನಗೆ;
ಕೂಗಿ ಅಭ್ಯಾಸವೇ ಇರಲಿಲ್ಲ.
ಹೆಜ್ಜೆ ಎಣಿಸಿದೆ. ಎಂಬತ್ತೆರಡು.
ಸೆರಗಿಗೆ ಹತ್ತಿದ ಮುಳ್ಳು ಕೀಳುತ್ತ
ಸಂಜೆಯ ಬಸ್ಸಿಗೆ ಕಾದೆ.
ಎಂಬತ್ತೆರಡಕ್ಕೆ ಯಾವ ಕಡತವೂ ಇರಲಿಲ್ಲ.

ಆ ಬೇಸಗೆ, ಸಂತೆಯಲ್ಲಿ,
ಚೌಡಮ್ಮ ಅಪ್ಪೆಮಿಡಿ ಮಾರುತ್ತಿದ್ದಳು.
ನನ್ನ ಗುರುತು ಹತ್ತಲಿಲ್ಲ.
ಯಂತ್ರದ ಹಿಂದಿನ ಮುಖವನ್ನು ಯಾರು ನೋಡುತ್ತಾರೆ.
ಐದೈದೇ ಎತ್ತಿ ನೂರು ಎಣಿಸಿ ಚೀಲಕ್ಕೆ ಹಾಕಿದಳು,
ಮೇಲೆ ನಾಲ್ಕು ಕೊಸರು.
"ನೀವೂ ಒಂದ್ಸಲ ಎಣ್ಸಿ ಅಮ್ಮ. ಲೆಕ್ಕ ಸರಿ ಇದ್ಯಾ?"

ಸರಿಯಿದೆ, ಅಂದೆ.
ಎಣಿಸಿರಲಿಲ್ಲ.