ನಾಲೆ ಯಾವ ಕಡೆಗೆ

ಹೈಸ್ಕೂಲ್ ಮೈದಾನದ ಕಾಂಪೌಂಡಿಗೆ ಹಗ್ಗ ಕಟ್ಟಿ
ಸ್ವೆಟರು ನೇತುಹಾಕುವ ಮುಂಡಗೋಡಿನ ಮಂದಿಗೆ
ದೀಪಾವಳಿ ಕಳೆದರೆ ನಾನೇ ಜಿಪ್ಪಿನವನು.
ಹಲ್ಲು ಕೂರಿಸಿದರೆ ಹತ್ತು, ರನ್ನರ್ ಬದಲಿಸಿದರೆ ಇಪ್ಪತ್ತು,
ಯೂಡೋನ್ ಅಜ್ಜಿಯ ಕೆಲಸಕ್ಕೆ ಬರೀ ಒಂದು ಚಾ.

"ಅಮ್ಮ ಬಯ್ಯೋದು ನಮಗೂ ತಿಳಿಯಲ್ಲ, ದಾವಲಣ್ಣ,"
ಅಂದಿದ್ದಳು ಮಗಳು, "ಅದು ಟಿಬೆಟಿ ಅಲ್ಲ.
ಮಿನ್ಯಾಕ್ ಅಂತ, ಅವರ ಕಣಿವೆಯದು.
ಕ್ಯಾಂಪಲ್ಲಿ ಇನ್ನೊಬ್ಬರಿದ್ದರು, ಕಿವುಡರು.
ಹೋದ ವರ್ಷ ಅವರೂ..."
ಚಿಲ್ಲರೆ ಎಣಿಸತೊಡಗಿದಳು.

ಆ ಮಾತಿನಲ್ಲಿ ಬರೀ 'ಬಾ' ಅನ್ನಲಿಕ್ಕೆ ಬರುವುದಿಲ್ಲವಂತೆ.
ಹೊಳೆಯ ಮೇಲಿಂದ ಬಾ, ಕೆಳಗಿಂದ ಬಾ,
ಗುಡ್ಡ ಹತ್ತಿ ಬಾ, ಇಳಿದು ಬಾ.
ನಾಲಿಗೆಗೆ ಮೊದಲು ದಿಕ್ಕು, ಕೆಲಸ ಆಮೇಲೆ.
ಇಲ್ಲೆಲ್ಲಿ ಹೊಳೆ? ಅದು ಹರಿಹರದಲ್ಲಿ.
ಗುಡ್ಡ ಅಂದರೆ ಮಂಡಕ್ಕಿ ಭಟ್ಟಿಯ ಹೊಟ್ಟಿನ ರಾಶಿ.
ಅದಕ್ಕೇ ಅಜ್ಜಿ ಬಾಯಿ ಹೊಲಿದ ಹಾಗೆ ಕೂರುತ್ತಾಳೆಂದು
ಒಂದು ಸೋಮವಾರ, ಲಗೇಜ್ ಆಟೋದಲ್ಲಿ
ಶಾಮನೂರಿನ ಆಚೆ ಭದ್ರಾ ನಾಲೆಗೆ ಕರೆದೊಯ್ದೆ.

ನಾಲೆ ಬಂದ್ ಆಗಿತ್ತು. ಭತ್ತದ ಕೊಯ್ಲು.
ತಳದಲ್ಲಿ ಪಾದ ಮುಳುಗುವಷ್ಟು ಹಸಿರು ನೀರು,
ಅಲ್ಲಾಡದು.
ಅವಳು ಅತ್ತ ನೋಡಿದಳು, ಇತ್ತ ನೋಡಿದಳು.
ನನಗೆ ನಾಚಿಕೆ, ತೂಬು ಮುಚ್ಚಿದವನು ನಾನೇ ಎಂಬಂತೆ.
ಆಮೇಲೆ ಸೇತುವೆಯ ಕಂಬ ತೋರಿಸಿದೆ.
ಗೊಬ್ಬರದ ಚೀಲ, ಒಂಟಿ ಚಪ್ಪಲಿ, ಒಣಗಿದ ಜಂಬುಹುಲ್ಲು
ಒಂದೇ ಮಗ್ಗುಲಿಗೆ ಸಿಕ್ಕಿಕೊಂಡಿದ್ದವು.
ಕಸ ನಿಂತ ಕಡೆ ಮೇಲು, ಅಜ್ಜಿ.
ನೀರು ಅಲ್ಲಿಂದ ಬರ್ತತಿ.

ನಕ್ಕಳು. ನನ್ನ ಜಾಕೀಟಿನ ಜಿಪ್ಪು ಹಿಡಿದು
ಸರ್ರನೆ ಗಂಟಲ ತನಕ ಎಳೆದಳು, ಒಂದು ಮಾತು.
ಇಳಿಸಿದಳು, ಇನ್ನೊಂದು.
ಮತ್ತೆ ಮೇಲೆ. ಮತ್ತೆ ಕೆಳಗೆ.
ನಾನು ತಪ್ಪಿದಾಗ ಮೇಷ್ಟರ ಹಾಗೆ ಕಿವಿ ಹಿಂಡಿದಳು.
ಕೊಕ್ಕರೆಯೊಂದು ಕೆಸರಲ್ಲಿ ನಿಂತು ಕೇಳುತ್ತಿತ್ತು.

ಈ ಸಲ ಮಗಳೊಬ್ಬಳೇ ಬಂದಿದ್ದಾಳೆ. ನಾನು ಕೇಳಲಿಲ್ಲ.
ಹಲ್ಲಿಗೆ ಮೇಣ ಸವರಿ, ರನ್ನರ್ ಓಡಿಸಿ ನೋಡುವಾಗ
ಆ ಎರಡು ಮಾತು ಅಂತೇನೆ,
ಹೋಗುತ್ತ ಒಂದು, ಬರುತ್ತ ಒಂದು.
ಹೊಳೆಯೇರು, ಹೊಳೆಯಿಳಿ ಅಂತಲೋ,
ಇಲ್ಲಾ 'ಮುಚ್ಚಿಕೋ, ಚಳಿ' ಅಂದಿದ್ದಳೋ,
ನನ್ನ ಎಲೆಅಡಿಕೆ ನಾಲಿಗೆಯಲ್ಲಿ ಅವು ಎಷ್ಟು ಸವೆದಿವೆಯೋ.

ನಿನ್ನೆ ಹಗ್ಗ ಬಿಗಿಯುತ್ತಿದ್ದವಳು ತಟ್ಟನೆ ತಿರುಗಿದಳು.
"ಏನಂದ್ರಿ?"

ಏನಿಲ್ಲಮ್ಮ.
ಜಿಪ್ಪು.